ತಿರುಮಲಾಂಬ ಯಾಕೆ ನಿಲ್ಲಿಸಿದರು?

ಪ್ರಿಯ ತಂಗಿ,

ಸಿಂಧನೂರಿನಿಂದ ನೀವು ಬರೆದ ನಾಲ್ಕು ಪುಟದ ಪತ್ರ ಬಳ್ಳಾರಿಯ ನಮ್ಮ ಪತ್ರಿಕೆಗೆ ಬಂದು ತಲುಪಿತು. ಪೂರ್ತಿ ಹಾಕಲು ಜಾಗ ಇಲ್ಲ. ಬೇರೆ ಓದುಗರಿಗೂ ಗೊತ್ತಾಗಲಿ ಅಂತ ಸಾರ ಮಾತ್ರ ಹೇಳುತ್ತೇನೆ.

ಬಿ.ಎ. ತರಗತಿಯಲ್ಲಿ ನೀವು ನಂಜನಗೂಡು ತಿರುಮಲಾಂಬ ಎಂಬ ಹಳೇ ಕಾಲದ ಕಾದಂಬರಿಕಾರ್ತಿಯ ಬಗ್ಗೆ ಪಾಠ ಕೇಳಿದ್ದಿರಿ. ದೊಡ್ಡ ಲೇಖಕರೊಬ್ಬರು ಕಟುವಾಗಿ ವಿಮರ್ಶೆ ಬರೆದದ್ದಕ್ಕೆ ಅವರು ಬರವಣಿಗೆಯನ್ನೇ ಬಿಟ್ಟರು ಎಂದು ಮೇಷ್ಟ್ರು ಹೇಳಿದರಂತೆ. "ಅಂಥವರೇ ಸುಮ್ಮನಾದರೆ ನಮ್ಮ ಗತಿ ಏನು ಅಕ್ಕಾ?" ಅಂತ ಕೇಳಿದ್ದೀರಿ. ಸಿಂಧನೂರಿನಿಂದಲೇ ಹೆಣ್ಣುಮಕ್ಕಳ ಮಾಸಪತ್ರಿಕೆ ತರುವ ಆಸೆ ನಿಮಗಿದೆ. ಕೊನೆಯಲ್ಲಿ ಒಂದು ಕುಟುಕು ಬೇರೆ: "ನಿಮ್ಮ ಪತ್ರಿಕೆಯಲ್ಲಿ ಇನ್ನೂ ರಂಗೋಲಿ, ಉಪ್ಪಿನಕಾಯಿ ಯಾಕೆ?"

ಕುಟುಕಿಗೆ ಆಮೇಲೆ ಬರೋಣ.

ವಿಮರ್ಶೆಯ ಕಥೆಯನ್ನು ನಾನೂ ಕೇಳಿದ್ದೇನೆ. ಅದನ್ನು ಹೇಳುವ ರೀತಿಯೇ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದರಲ್ಲಿ ತಿರುಮಲಾಂಬ ಬರೀ ಮನಸ್ಸು ನೋಯಿಸಿಕೊಂಡ ಕಾದಂಬರಿಕಾರ್ತಿ ಆಗಿಬಿಡುತ್ತಾರೆ. ಅವರು ಮಾಡಿದ ಇನ್ನರ್ಧ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಪತ್ರಿಕೆ ತರಬೇಕೆನ್ನುವ ನಿಮಗೆ ಬೇಕಾದದ್ದು ಆ ಇನ್ನರ್ಧವೇ.

ಅವರು ಹುಟ್ಟಿದ್ದು 1887ರಲ್ಲಿ. ತಂದೆ ವಕೀಲರು. ಚಿಕ್ಕ ವಯಸ್ಸಿಗೇ ಮದುವೆ, ಹದಿನಾಲ್ಕಕ್ಕೆಲ್ಲ ವೈಧವ್ಯ. ಮುಂದಿನ ಓದೆಲ್ಲ ಮನೆಯಲ್ಲೇ, ತಂದೆಯ ಬೆಂಬಲದಿಂದ. 1913ರಲ್ಲಿ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆ ಶುರು ಮಾಡಿ, ತಮ್ಮದೇ ಕಾದಂಬರಿ 'ಸುಶೀಲೆ'ಯನ್ನು ಅದರಲ್ಲಿ ತಂದರು. ಮುಂದೆ 'ನಭಾ' ಬಂತು, ಇನ್ನೂ ಹಲವು ಬಂದವು. ಆಮೇಲೆ 'ಕರ್ನಾಟಕ ನಂದಿನಿ' ಪತ್ರಿಕೆ. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂದು ಅವರನ್ನು ಕರೆಯುವುದು ಇದಕ್ಕೇ.

ಕಾಲ ಎಂಥದ್ದು ನೋಡಿ. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕಾ ಕಾನೂನು ಬಂದಿತ್ತು. ಸರ್ಕಾರದ ಅನುಮತಿ ಇಲ್ಲದೆ ಪತ್ರಿಕೆ ಹೊರಡಿಸುವ ಹಾಗಿರಲಿಲ್ಲ. ಅದನ್ನು ವಿರೋಧಿಸಿ ತಾತಯ್ಯ ಎಂ. ವೆಂಕಟಕೃಷ್ಣಯ್ಯನವರಂಥ ಹಿರಿಯರೇ ಪತ್ರಿಕೆ ನಿಲ್ಲಿಸಿದ್ದರು. ಅದಾಗಿ ಹತ್ತು ವರ್ಷವೂ ಆಗಿರಲಿಲ್ಲ, ನಂಜನಗೂಡಿನ ಒಬ್ಬ ವಿಧವೆ ಸಂಪಾದಕಿ ಎಂದು ತನ್ನ ಹೆಸರು ಹಾಕಿಕೊಳ್ಳುತ್ತಾಳೆ! ಕಾದಂಬರಿಯನ್ನಾದರೆ ರಾತ್ರಿ ದೀಪದ ಬೆಳಕಲ್ಲಿ ಯಾರಿಗೂ ಕಾಣದ ಹಾಗೆ ಬರೆಯಬಹುದು. ಪತ್ರಿಕೆ ಹಾಗಲ್ಲ. ಕಾಗದದ ಅಂಗಡಿಯವರಿಗೆ ದುಡ್ಡು ಕೊಡಬೇಕು, ಅಚ್ಚಿನ ಮೊಳೆ ಜೋಡಿಸುವವರ ಹಿಂದೆ ಬೀಳಬೇಕು, ಕರಡು ತಿದ್ದಬೇಕು, ಚಂದಾ ಕಟ್ಟದವರಿಗೆ ನೆನಪು ಮಾಡಿ ಕಾಗದ ಹಾಕಬೇಕು. ತಲುಪಿದಾಗ ಅಂಚೆಯವರಿಗೆ ದುಡ್ಡು ಕೊಟ್ಟು ಬಿಡಿಸಿಕೊಳ್ಳಲಿ ಅಂತ ವಿ.ಪಿ. ಮಾಡಿ ಕಳಿಸಿದ ಪುಸ್ತಕ ವಾಪಸ್ ಬಂದರೆ ಖರ್ಚು ಕಳಿಸಿದವರ ತಲೆಗೇ. ಈ ಕೆಲಸದಲ್ಲಿ ದಿನಾ ಗಂಡಸರ ಜೊತೆ ವ್ಯವಹಾರ ಇದ್ದೇ ಇರುತ್ತದೆ. ಆ ಕಾಲದ ವಿಧವೆಗೆ ಅದು ಎಷ್ಟು ದೂರದ ಮಾತು, ನೀವೇ ಯೋಚಿಸಿ.

ಹಾಗಂತ ಅವರ ಬರಹದಲ್ಲಿ ಬಂಡಾಯ ಹುಡುಕಲು ಹೋದರೆ ನಿಮಗೆ ನಿರಾಸೆಯಾಗುತ್ತದೆ. ಗ್ರಂಥಮಾಲೆಯ ಹೆಸರು ನೋಡಿದರೇ ಗೊತ್ತಾಗುತ್ತಲ್ವಾ? ಸದ್ಗೃಹಿಣಿ, ಪತಿಭಕ್ತಿ, ಸಹನೆ, ಇದೇ ಜಾಸ್ತಿ. ನಮ್ಮ ಕಚೇರಿಯ ಹುಡುಗಿಯೊಬ್ಬಳು 'ಸುಶೀಲೆ' ಓದಲು ಹೊರಟು ಅರ್ಧಕ್ಕೇ ಮುಚ್ಚಿಟ್ಟಳು. ನಾನು ಅವಳನ್ನು ಬೈಯಲಿಲ್ಲ. ಆದರೆ ಹೆಣ್ಣು ಓದಬೇಕು ಅನ್ನುವ ಮಾತನ್ನು ಮನೆಯ ಹಿರಿಯರು ಒಪ್ಪುವ ದನಿಯಲ್ಲಿ ಹೇಳಿದ್ದರಿಂದಲೇ ಅಂಥ ಪುಸ್ತಕ ಒಳಮನೆಗೆ ಹೋಗಿರಬೇಕು ಅಂತ ನನಗನ್ನಿಸುತ್ತದೆ. ಅಂಚೆಯಲ್ಲಿ ಬಂದ ಪುಸ್ತಕ ಮೊದಲು ಬೀಳುತ್ತಿದ್ದದ್ದು ಮಾವನ ಕೈಗೆ ತಾನೇ?

ಈಗ ಅವರು ಯಾಕೆ ನಿಲ್ಲಿಸಿದರು ಅನ್ನುವ ಪ್ರಶ್ನೆ. ಒಂದು ವಿಮರ್ಶೆ ಒಬ್ಬ ಲೇಖಕಿಯ ಬರವಣಿಗೆ ನಿಲ್ಲಿಸಬಹುದು. ಆದರೆ ಪತ್ರಿಕೆ ಸಂಪಾದಕಿಯೊಬ್ಬಳ ಬರವಣಿಗೆ ಮೇಲೆ ಮಾತ್ರ ನಿಂತಿದ್ದರೆ ಅದನ್ನು ನಿಲ್ಲಿಸಲು ವಿಮರ್ಶೆಯೂ ಬೇಕಿಲ್ಲ, ಅವಳಿಗೆ ಒಂದು ಜ್ವರ ಬಂದರೆ ಸಾಕು. ಇಲ್ಲಿ ಆರ್. ಕಲ್ಯಾಣಮ್ಮನವರನ್ನು ಪಕ್ಕದಲ್ಲಿಟ್ಟು ನೋಡಿ. ಅವರೂ ಬಾಲವಿಧವೆ. ಕಥೆ, ಕಾದಂಬರಿ ಬರೆದವರು. ಬೆಂಗಳೂರಿನಲ್ಲಿ 1913ರಲ್ಲೇ ಶಾರದಾ ಸ್ತ್ರೀ ಸಮಾಜ ಕಟ್ಟಿದರು. 'ಸರಸ್ವತಿ' ಪತ್ರಿಕೆ ಶುರುವಾದದ್ದು ಅದಾದ ಮೇಲೆ, 1920ರ ದಶಕದ ಆರಂಭದಲ್ಲಿ. ಅದು ನಾಲ್ಕು ದಶಕ ನಡೆಯಿತು! ಮಕ್ಕಳ ಕೂಟವನ್ನು ಕಟ್ಟಿದವರೂ ಅವರೇ. ಮೊದಲು ಹೆಂಗಸರು ಒಂದು ಕಡೆ ಸೇರಿದರು, ಆಮೇಲೆ ಪತ್ರಿಕೆ ಬಂತು. ಪತ್ರಿಕೆ ಬಾಳಿದ್ದರ ಗುಟ್ಟು ಈ ಅನುಕ್ರಮದಲ್ಲಿದೆ ಎಂದು ನನ್ನ ಲೆಕ್ಕ. ಬಾವಿ ತೋಡದೆ ಕೊಡ ತಂದರೆ ಏನು ತುಂಬುತ್ತೀರಿ?

ತಿರುಮಲಾಂಬ ತೀರಿಕೊಂಡದ್ದು 1982ರಲ್ಲಿ. ತೊಂಬತ್ತೈದು ವರ್ಷದ ತುಂಬು ಬದುಕು, ಅದರಲ್ಲಿ ಎಷ್ಟೋ ವರ್ಷ ಕನ್ನಡ ಅವರನ್ನು ಮರೆತಿತ್ತು. ಸಿ.ಎನ್. ಮಂಗಳಾ ಅಂಥವರು ಅವರ ಕೆಲಸವನ್ನು ಮತ್ತೆ ಮುಂದಕ್ಕೆ ತಂದರು. ಬೆಂಗಳೂರಿನ 'ಶಾಶ್ವತಿ' ಸಂಸ್ಥೆ ತಿರುಮಲಾಂಬ ಹೆಸರಿನಲ್ಲೇ ಲೇಖಕಿಯರಿಗೆ ಪ್ರಶಸ್ತಿ ಇಟ್ಟಿತು.

ನಮ್ಮ ಭಾಗದ ಮಾತೂ ಸ್ವಲ್ಪ ಆಡಬೇಕು. 'ಕರ್ನಾಟಕ ನಂದಿನಿ' ಬರುತ್ತಿದ್ದ ಕಾಲಕ್ಕೆ ಬಳ್ಳಾರಿ ಮದ್ರಾಸಿನ ಕೈಯಲ್ಲಿತ್ತು, ರಾಯಚೂರು, ಕೊಪ್ಪಳ ನಿಜಾಮರ ಕೈಯಲ್ಲಿ. ಹೈದರಾಬಾದಿನಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೆಲ್ಲ ಉರ್ದುವಿನಲ್ಲಿ. ಸಾಹಿತ್ಯ ಸಮ್ಮೇಳನ 1926ರಲ್ಲಿ ಬಳ್ಳಾರಿಗೂ 1934ರಲ್ಲಿ ರಾಯಚೂರಿಗೂ ಬಂತು, ಖರೆ. ಆದರೆ ಹೆಣ್ಣುಮಕ್ಕಳಿಗೆ ಕನ್ನಡ ಓದಲು ಬಂದರೆ ತಾನೇ ಚಂದಾ? ನೀವು ಬಿ.ಎ. ಮುಗಿಸಿ ಈ ಪ್ರಶ್ನೆ ಕೇಳುತ್ತಿದ್ದೀರಿ. ನಿಮ್ಮ ಓಣಿಯಲ್ಲಿ ಓದುವವರು ಇದ್ದಾರೆ. ನಿಮ್ಮ ಕಷ್ಟ ಬೇರೆ ಥರದ್ದು.

ಕಾಗದಪತ್ರದ ಕೆಲಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಪತ್ರಿಕೆ ನೋಂದಣಿಯ 1867ರ ಹಳೇ ಕಾಯ್ದೆ ಹೋಗಿ ಹೊಸದು ಬಂದಿದೆ, 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಸರ್ಕಾರದ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಶೀರ್ಷಿಕೆಗೂ ನೋಂದಣಿಗೂ ಒಟ್ಟಿಗೇ ಅರ್ಜಿ ಹಾಕಬಹುದು. ಬೇಗ ಮುಗಿಯುವ ಕೆಲಸ ಅಂತ ಮೊದಲು ಅದನ್ನೇ ಮಾಡಿಕೊಂಡು ಕೂರಬೇಡಿ. ಮೊದಲು ಬರೆಯುವವರನ್ನು ಹುಡುಕಿ. ನಿಮ್ಮನ್ನು ಬಿಟ್ಟು ಇನ್ನೂ ಒಂದಷ್ಟು ಜನ ಬೇಕು, ಪ್ರತಿ ತಿಂಗಳೂ ಬೇಕು. ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗಿ ಕೂತುಕೊಳ್ಳಿ. ನಮ್ಮಲ್ಲಿ ಜೀನ್ಸ್ ಹೊಲಿಯುವ ಹೆಂಗಸರು ಬರೆದದ್ದು ನೆನಪಿದೆಯಾ? ಅವರು ಹಾಳೆಯ ಮೇಲೆ ಬರೆಯಲಿಲ್ಲ. ಹೇಳಿದರು, ನಾವು ಬರೆದುಕೊಂಡು ಓದಿ ಹೇಳಿದೆವು, ಅವರು ತಿದ್ದಿಸಿದರು. ಸಂಪಾದಕಿಯ ಸಮಯ ಜಾಸ್ತಿ ಹೋಗುವುದು ಹೀಗೆ. ಸ್ವಂತ ಕಥೆ ಬರೆಯಲು ನನಗೆ ಪುರುಸೊತ್ತು ಸಿಗುವುದಿಲ್ಲ, ಅದಕ್ಕೆ ಒಮ್ಮೊಮ್ಮೆ ಸಿಟ್ಟೂ ಬರುತ್ತದೆ.

ಮೊದಲ ಸಂಚಿಕೆಗೆ ಜಾಹೀರಾತು ಸಿಗುತ್ತದೆ. ಪರಿಚಯದವರು ಕೊಡುತ್ತಾರೆ. ನಾಲ್ಕನೆಯದಕ್ಕೆ ಕೊಡುವುದಿಲ್ಲ. ಅಂಗಡಿಗಳಿಗೆ ಹಾಕಿದ ಬಿಡಿ ಪ್ರತಿಯ ದುಡ್ಡು ತಡವಾಗಿ ಬರುತ್ತದೆ, ಕೆಲವು ಸಲ ಪ್ರತಿಗಳೇ ತಿರುಗಿ ಬರುತ್ತವೆ. ಮುಂಗಡ ಕಟ್ಟಿದ ವಾರ್ಷಿಕ ಚಂದಾ ಒಂದೇ ಗಟ್ಟಿ ದುಡ್ಡು. ಅದು ಒಂದು ವರ್ಷದ ಮುದ್ರಣಕ್ಕೆ ಸಾಲುವಷ್ಟು ಕೂಡುವ ತನಕ ಕಾಯಿರಿ.

ರಂಗೋಲಿ ಪುಟ ತೆಗೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಆ ಪುಟಕ್ಕೆ ಬರುವಷ್ಟು ಕಾಗದ ನನ್ನ ಸಂಪಾದಕೀಯಕ್ಕೆ ಎಂದೂ ಬಂದಿಲ್ಲ. ಚುಕ್ಕಿ ಲೆಕ್ಕ ತಪ್ಪಿದೆ ಎಂದು ಜಗಳ ಮಾಡಿ ಬರೆದ ಕಾರಟಗಿಯ ಓದುಗರೊಬ್ಬರು ಈಗ ನಮಗೆ ಕಥೆ ಕಳಿಸುತ್ತಾರೆ.

ಇನ್ನು ನಿಮ್ಮದೇ ಪತ್ರದ ಮೂರನೇ ಪುಟ. ಭತ್ತದ ನಾಟಿಗೆ ಹೋಗುವ ಹೆಂಗಸರು ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ನಮ್ಮ ಪತ್ರಿಕೆಯ ಕಥೆಯನ್ನು ಒಬ್ಬಳು ಓದುತ್ತಾಳೆ, ಉಳಿದವರು ಕೇಳುತ್ತಾರೆ ಅಂತ ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಯಾರು ಓದುತ್ತಾರೆ? ಕೇಳುವವರು ಎಲ್ಲಿ ತಡೆದು ಪ್ರಶ್ನೆ ಕೇಳುತ್ತಾರೆ? ಯಾವ ಕಥೆಗೆ ಬೈದರು? ಅದನ್ನು ಬರೆದು ಕಳಿಸಿ. ಎರಡು ಪುಟ ಸಾಕು. ಮುಂದಿನ ಸಂಚಿಕೆಗೆ ಜಾಗ ಇಟ್ಟಿದ್ದೇನೆ, ಇಪ್ಪತ್ತನೇ ತಾರೀಖಿನ ಒಳಗೆ ತಲುಪಲಿ.

ನಿಮ್ಮ,
ಸಂಪಾದಕಿ