ಮೊದಲ ಗಿರಾಕಿಗೆ ಮಾಡಿದ ವೆಬ್‌ಸೈಟನ್ನು ಯಾರಿಗೆ ತೋರಿಸಬೇಕು, ಏನು ಕೇಳಬೇಕು?

ಬೆಟಗೇರಿಯ ಸೀರೆ ಅಂಗಡಿಯೊಂದು ನಿಮ್ಮ ಮೊದಲ ಗಿರಾಕಿ. ಸೈಟ್ ಬಹುತೇಕ ಮುಗಿದಿದೆ. ಸ್ನೇಹಿತರಿಗೆ ಲಿಂಕ್ ಕಳಿಸಿ ‘ಹೇಗಿದೆ?’ ಎಂದರೆ ಎಲ್ಲರೂ ‘ಸೂಪರ್’ ಎನ್ನುತ್ತಾರೆ, ಅದರಿಂದ ಏನೂ ತಿಳಿಯುತ್ತಿಲ್ಲ. ಅಂಗಡಿಯವರ ಕೈಗೆ ಕೊಡುವ ಮೊದಲು ಯಾರಿಗೆ ತೋರಿಸಲಿ, ಏನು ಕೇಳಲಿ ಎಂದು ಕೇಳಿದ್ದೀರಿ, ಅಲ್ವಾ?

ತಪ್ಪು ಸ್ನೇಹಿತರದ್ದಲ್ಲ, ಆ ಪ್ರಶ್ನೆಯದ್ದು. ‘ಹೇಗಿದೆ’ ಎಂದು ಕೇಳಿದರೆ ನಮ್ಮ ಕಡೆ ಒಂದೇ ಉತ್ತರ: ‘ಚಲೋ ಐತಿ’. ಊಟಕ್ಕೆ ಕರೆದವರ ಮನೆಯಲ್ಲಿ ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದ್ದರೆ ಯಾರು ಬಾಯಿಬಿಟ್ಟು ಹೇಳುತ್ತಾರೆ? ಹಾಗಾಗಿ ಅಭಿಪ್ರಾಯ ಕೇಳಬೇಡಿ. ಒಂದು ಕೆಲಸ ಹೇಳಿ, ಫೋನ್ ಅವರ ಕೈಗೆ ಕೊಡಿ, ನೀವು ಸುಮ್ನೆ ಕೂತು ಅವರ ಬೆರಳು ನೋಡಿ. ನಾನು ಇದನ್ನು ಕಲಿತದ್ದು ನನ್ನ ಮೊದಲ ಗಿರಾಕಿಯ ಎದುರು ಮರ್ಯಾದೆ ಕಳೆದುಕೊಂಡು.

ನಾನು ಹುಬ್ಬಳ್ಳಿಯವನು. ನನಗೆ ಮೊದಲು ಕೆಲಸ ಕೊಟ್ಟವರು ಕೇಶ್ವಾಪುರದ ಕಡೆ ಮನೆಯಲ್ಲೇ ರೊಟ್ಟಿ ಮಾಡಿ ಮಾರುವ ಒಬ್ಬ ಅಕ್ಕ. ಬೆಳಿಗ್ಗೆ ನಾಲ್ಕು ಹೆಣ್ಣುಮಕ್ಕಳು ರೊಟ್ಟಿ ಬಡಿಯಲು ಕೂತರೆ ಮಧ್ಯಾಹ್ನದ ತನಕ ಅದೇ ಸದ್ದು. ಖಡಕ್ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಬೆಂಗಳೂರು, ಪುಣೆಯಲ್ಲಿರುವ ನಮ್ಮ ಕಡೆಯವರು ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದರು. ಫೋನ್ ಎತ್ತಿ ಎತ್ತಿ ಸಾಕಾಗಿ ಒಂದು ಸೈಟ್ ಬೇಕೆಂದರು.

ಮೂರು ವಾರ ಕೂತು ಮಾಡಿದೆ. ಬೆಂಗಳೂರಿನಲ್ಲಿ ಇದೇ ಕೆಲಸ ಮಾಡುವ ಇಬ್ಬರು ಗೆಳೆಯರಿಗೆ ತೋರಿಸಿದೆ. ಫಾಂಟ್ ಚೆನ್ನಾಗಿದೆ, ಬಣ್ಣ ತಣ್ಣಗಿದೆ, ಉಸಿರಾಡಲು ಜಾಗ ಇದೆ ಎಂದರು. ಎದೆ ಉಬ್ಬಿಸಿಕೊಂಡು ಲ್ಯಾಪ್‌ಟಾಪ್ ಹಿಡಿದು ಹೋದೆ. ಅಕ್ಕ ಕೈಯ ಹಿಟ್ಟು ಒರೆಸಿಕೊಂಡು ಬಂದು ನೋಡಿದರು. ಮೇಲಿನ ದೊಡ್ಡ ಫೋಟೊದ ಮೇಲೆ ಕಣ್ಣು ನೆಟ್ಟು ಕೇಳಿದರು:

“ತಮ್ಮಾ, ಇದು ಚಪಾತಿ ಐತಲ್ಲೋ. ನಮ್ಮ ರೊಟ್ಟಿ ಎಲ್ಲೈತಿ?”

ಪುಕ್ಕಟೆ ಫೋಟೊ ಸಿಗುವ ಕಡೆಯಿಂದ ಇಳಿಸಿಕೊಂಡದ್ದು. ಬೆಳ್ಳಗೆ, ಉಬ್ಬಿ, ತುಪ್ಪ ಸವರಿದ ಫುಲ್ಕಾ. ಹುಟ್ಟಿದಾಗಿನಿಂದ ಜೋಳದ ರೊಟ್ಟಿ ತಿಂದವನು ನಾನು, ಮೂರು ವಾರ ಅದನ್ನೇ ನೋಡಿದ್ದೇನೆ, ಕಣ್ಣಿಗೆ ಬಿದ್ದಿಲ್ಲ. ಆ ಇಬ್ಬರು ಗೆಳೆಯರ ಕಣ್ಣಿಗೂ ಬಿದ್ದಿಲ್ಲ. ಅವರು ನೋಡಿದ್ದು ವಿನ್ಯಾಸ, ಅಕ್ಕ ನೋಡಿದ್ದು ರೊಟ್ಟಿ.

ಅಲ್ಲಿಂದ ಮನೆಗೆ ಬಂದವನೇ ಕ್ರಮ ಬದಲಿಸಿದೆ. ಮೊದಲು ಸಿಕ್ಕಿದ್ದು ನಮ್ಮ ಕಾಕಾ. ಅರವತ್ತು ದಾಟಿದ್ದಾರೆ, ವಾಟ್ಸಾಪ್ ಬಿಟ್ಟು ಬೇರೆ ಏನೂ ಅಷ್ಟಾಗಿ ಬಳಸುವವರಲ್ಲ. ‘ಕಾಕಾ, ಬೆಂಗಳೂರಾಗ ಅಕ್ಕನ ಮನಿಗೆ 50 ರೊಟ್ಟಿ, ಅರ್ಧ ಕಿಲೋ ಶೇಂಗಾ ಹಿಂಡಿ ಕಳಸಬೇಕು. ಇದರಾಗ ಆರ್ಡರ್ ಮಾಡ್ರಿ ನೋಡೋಣ’ ಎಂದು ಅವರ ಫೋನಿನಲ್ಲೇ ತೆರೆದು ಕೊಟ್ಟೆ. ನನ್ನ ಫೋನಿನಲ್ಲಲ್ಲ, ಅವರದರಲ್ಲೇ. ಅವರ ಫೋನಿನಲ್ಲಿ ಅಕ್ಷರ ದೊಡ್ಡದಾಗಿಸಿ ಇಟ್ಟುಕೊಂಡಿದ್ದಾರೆ, ಗಾಜಿಗೆ ಬಿರುಕು ಬಿಟ್ಟಿದೆ, ನೆಟ್ ನಿಧಾನ. ಗಿರಾಕಿಯ ಗಿರಾಕಿಗಳ ಫೋನ್ ಹಾಗೇ ಇರುತ್ತದೆ.

ಕಾಕಾ ರೊಟ್ಟಿಯ ಫೋಟೊ ಮೇಲೆ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಹೆಬ್ಬೆರಳನ್ನು ಅಂಗಿಗೆ ಒರೆಸಿಕೊಂಡು ಮೂರನೇ ಸಲ ಒತ್ತಿದರು. ಫೋಟೊ ಒತ್ತಿದರೆ ರೇಟು ತೆರೆಯುತ್ತದೆ ಎಂದು ಅವರ ಲೆಕ್ಕ. ನಾನು ರೇಟನ್ನು ಕೆಳಗೆ ‘ವಿವರ’ ಎಂಬ ಸಣ್ಣ ಬೂದು ಅಕ್ಷರದ ಹಿಂದೆ ಬಚ್ಚಿಟ್ಟಿದ್ದೆ. ‘ಕೆಳಗೆ ನೋಡ್ರಿ ಕಾಕಾ’ ಎನ್ನಲು ನಾಲಿಗೆ ತುದಿಗೆ ಬಂತು. ತಡೆದುಕೊಂಡೆ. ಈ ತಡೆದುಕೊಳ್ಳುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ, ಈಗಲೂ ನನಗೆ ಸುಲಭವಾಗಿಲ್ಲ. ನೀವು ಬಾಯಿಬಿಟ್ಟ ಕೂಡಲೇ ಪರೀಕ್ಷೆ ಮುಗಿಯಿತು. ಸೈಟ್ ತೆರೆದ ಗಿರಾಕಿಯ ಪಕ್ಕದಲ್ಲಿ ನೀವು ಕೂತಿರುವುದಿಲ್ಲವಲ್ಲ. ಕೊನೆಗೆ ಕಾಕಾ ವಾಟ್ಸಾಪ್ ಗುರುತು ಒತ್ತಿದರು. ನಂಬರ್ ತಪ್ಪು ಎಂದು ಬಂತು. ಆ ಲಿಂಕಿನಲ್ಲಿ ನಂಬರಿಗಿಂತ ಮೊದಲು ದೇಶದ ಕೋಡ್ 91 ಇರಲೇಬೇಕು, ಶುರುವಿನಲ್ಲಿ ಪ್ಲಸ್ ಗುರುತು, ಸೊನ್ನೆ ಯಾವುದೂ ಇರಬಾರದು. ನಾನು 91 ಹಾಕುವುದನ್ನೇ ಮರೆತಿದ್ದೆ. ಹೊಗಳಿದ ಆ ಗೆಳೆಯರಲ್ಲಿ ಒಬ್ಬರೂ ಆ ಗುರುತು ಒತ್ತಿರಲಿಲ್ಲ ಎಂದಾಯಿತು.

ಎರಡನೆಯದು ನನ್ನ ಅಕ್ಕನ ಮಗಳು, ಆರನೇ ಕ್ಲಾಸ್. ಅವಳಿಗೆ ಕೆಲಸವನ್ನೇನೂ ಹೇಳಿರಲಿಲ್ಲ, ಹೆಗಲ ಮೇಲಿಂದ ಇಣುಕಿ ನೋಡಿದಳು ಅಷ್ಟೆ. “ಮಾಮಾ, ರೊಟ್ಟಿಗೆ ಒತ್ತು ಹಾಕಿಲ್ಲ.” ಹೌದು, ಕಾಕಾನ ಫೋನಿನಲ್ಲಿ ತಲೆಬರಹ ‘ಹುಬಳಿಯ ಖಡಕ್ ರೊಟಿ’ ಎಂದು ಕಾಣುತ್ತಿತ್ತು. ನಾನು ಬರೆದದ್ದು ಸರಿಯಾಗೇ ಇತ್ತು. ಇಂಗ್ಲಿಷ್ ಅಕ್ಷರಕ್ಕೆಂದು ಮಾಡಿದ ಥೀಮ್ (ಸಿದ್ಧ ವಿನ್ಯಾಸ) ತಂದಿದ್ದೆ, ಅದರಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.1 ಪಟ್ಟು, ಡಬ್ಬಿಯಿಂದ ಹೊರಗೆ ಹೋದದ್ದನ್ನು ಮುಚ್ಚುವ ಆಯ್ಕೆ ಬೇರೆ. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಅದಕ್ಕೆ ಜಾಗ ಇಲ್ಲದೆ ಕತ್ತರಿಸಿ ಹೋಗಿತ್ತು. ಸಾಲಿನ ಎತ್ತರ 1.6ಕ್ಕೆ ಏರಿಸಿದೆ, ಸರಿಹೋಯಿತು. ನಿಮ್ಮದೂ ಕನ್ನಡ ಸೈಟ್ ಆಗಿದ್ದರೆ ‘ಹುಬ್ಬಳ್ಳಿ’, ‘ರೇಷ್ಮೆ’, ‘ಹತ್ತಿ’ ಇಂಥ ಪದಗಳನ್ನು ಎಲ್ಲ ಗಾತ್ರದಲ್ಲೂ ನೋಡಿ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವ ಆಯ್ಕೆ ಇದ್ದರೆ ತೆಗೆದುಬಿಡಿ, ಕನ್ನಡಕ್ಕೆ ಅದು ಒಗ್ಗುವುದಿಲ್ಲ. ಅಂಗಡಿಯವರು ಕರಪತ್ರದ ಬರಹವನ್ನು ಪ್ರೆಸ್ಸಿನಿಂದ ಹಳೆಯ ‘ನುಡಿ’ ತಂತ್ರಾಂಶದ ಫೈಲಿನಲ್ಲಿ ಕೊಟ್ಟರೆ ನೇರವಾಗಿ ಅಂಟಿಸಬೇಡಿ, ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ.

ಮೂರನೆಯ ಪಾಠ ಮೈಸೂರಿನಿಂದ ಬಂತು. ಅಲ್ಲಿರುವ ಹಳೇ ಸಹಪಾಠಿಗೆ ಫೋನ್‌ನಲ್ಲೇ ಇರು ಎಂದು ಹೇಳಿ, ‘ನೋಡ್ತಾ ನೋಡ್ತಾ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗು’ ಎಂದೆ. ಹೇಳುತ್ತಾ ಹೋದ. ಒಂದು ಕಡೆ ನಿಂತ. “ಶೇಂಗಾ ಹಿಂಡಿನಾ? ಇದೇನೋ ದನಕ್ಕೆ ಹಾಕೋದು ಮಾರ್ತಿದ್ದೀರಾ?” ನಮಗೆ ಹಿಂಡಿ ಎಂದರೆ ರೊಟ್ಟಿಗೆ ಮೊಸರು ಕಲಸಿ ಹಚ್ಚಿಕೊಳ್ಳುವ ಪುಡಿ. ಅವನ ಕಡೆ ಎಣ್ಣೆ ತೆಗೆದ ಮೇಲೆ ಉಳಿಯುವ ಚರಟ, ದನಕ್ಕೆ ಹಾಕುವುದು! ಇದನ್ನು ಹುಬ್ಬಳ್ಳಿಯಲ್ಲಿ ನೂರು ಜನಕ್ಕೆ ತೋರಿಸಿದ್ದರೂ ಒಬ್ಬರೂ ಹೇಳುತ್ತಿರಲಿಲ್ಲ. ರೊಟ್ಟಿ ಅಕ್ಕನನ್ನು ಕೇಳಿದೆ. ಹೆಸರು ಬದಲಿಸಲು ಅವರು ಸುತಾರಾಂ ಒಪ್ಪಲಿಲ್ಲ, ಅದು ಸರಿಯೇ. ‘ಶೇಂಗಾ ಹಿಂಡಿ’ ಎಂದು ದೊಡ್ಡದಾಗಿ ಇಟ್ಟು ಕೆಳಗೆ ‘ಚಟ್ನಿ ಪುಡಿ’ ಎಂದು ಬರೆದೆವು. ನಿಮ್ಮ ಸೀರೆಯ ‘ದಡಿ’ಗೂ ಇದೇ ಮಾತು. ದಕ್ಷಿಣದವರು ‘ಅಂಚು’ ಎಂದು ಹುಡುಕುತ್ತಾರೆ. ಎರಡೂ ಇರಲಿ.

ಎಷ್ಟು ಜನಕ್ಕೆ ತೋರಿಸಬೇಕು? ಈ ವಿಷಯದಲ್ಲಿ ಹೆಸರಾದ ಯಾಕೊಬ್ ನೀಲ್ಸನ್ 2000ದಲ್ಲಿ ಬರೆದ ಲೆಕ್ಕ ಒಂದಿದೆ: ಐದು ಜನರನ್ನು ಕೂರಿಸಿ ನೋಡಿದರೆ ಸುಮಾರು 85 ಶೇಕಡಾ ತೊಂದರೆಗಳು ಹೊರಬೀಳುತ್ತವೆ. ಅದು ಎಲ್ಲ ಸೈಟಿಗೂ ಹೊಂದುವುದಿಲ್ಲ ಎಂದು ವಾದಿಸುವವರೂ ಇದ್ದಾರೆ. ಆದರೆ ನೀಲ್ಸನ್ ಅವರ ಇನ್ನೊಂದು ಮಾತು ನನಗೆ ಜಾಸ್ತಿ ಉಪಯೋಗಕ್ಕೆ ಬಂತು. ಹದಿನೈದು ಜನರನ್ನು ಒಟ್ಟಿಗೆ ಕೂರಿಸುವ ಬದಲು ಐದು ಜನ, ರಿಪೇರಿ, ಮತ್ತೆ ಐದು ಜನ. ಸಣ್ಣ ಅಂಗಡಿಯ ಸೈಟಿಗೆ ಮೂರು ಜನರಿಂದ ಶುರು ಮಾಡಿದರೂ ನಡೆಯುತ್ತದೆ. ಆ ಮೂವರು ಸೀರೆ ಕೊಳ್ಳುವವರಾಗಿರಲಿ, ನಿಮ್ಮ ಹಾಸ್ಟೆಲ್ ಹುಡುಗರಲ್ಲ. ಮನೆಯಲ್ಲಿ ಮದುವೆ ಇಟ್ಟುಕೊಂಡ ಒಬ್ಬ ಚಿಗವ್ವ ಸಿಕ್ಕರೆ ಅವರಿಗಿಂತ ಒಳ್ಳೆಯ ಪರೀಕ್ಷಕರು ಬೇರೆ ಇಲ್ಲ.

ಯಂತ್ರ ಹೇಳಬಹುದಾದದ್ದನ್ನು ಮನುಷ್ಯರ ಹತ್ತಿರ ಕೇಳಬೇಡಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಎಂಬ ಟೂಲ್‌ಗೆ ಲಿಂಕ್ ಕೊಟ್ಟರೆ ಪುಟದ ಮುಖ್ಯ ಭಾಗ ಎಷ್ಟು ಸೆಕೆಂಡಿಗೆ ಕಂಡಿತು ಎಂದು ಹೇಳುತ್ತದೆ. 2.5 ಸೆಕೆಂಡಿನ ಒಳಗಿದ್ದರೆ ಒಳ್ಳೆಯದು. ನಿಮ್ಮದು ನಿಧಾನ ಇದ್ದರೆ ಕಾರಣ ಬಹುತೇಕ ಸೀರೆಯ ಫೋಟೊಗಳೇ. ಫೋನಿನಿಂದ ತೆಗೆದದ್ದು ಒಂದೊಂದೂ 4-5 ಎಂಬಿ ಇರುತ್ತದೆ, ಅಗಲ ಕಡಿಮೆ ಮಾಡಿ ವೆಬ್‌ಪಿ ಎಂಬ ಹಗುರ ಫೋಟೊ ಫೈಲ್ ಮಾಡಿದರೆ ಒಂದೆರಡು ನೂರು ಕೆಬಿಗೆ ಇಳಿಯುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ತಿಳಿ-ಗಾಢದ ವ್ಯತ್ಯಾಸ (ಕಾಂಟ್ರಾಸ್ಟ್) ಕನಿಷ್ಠ 4.5:1 ಇರಬೇಕು, ಅದನ್ನೂ ಟೂಲ್ ಅಳೆಯುತ್ತದೆ. ಆದರೂ ಒಮ್ಮೆ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಹಿಡಿದು ಬಿಸಿಲಿಗೆ ಹೋಗಿ. ನಾನು ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಿಂತು ನೋಡಿದೆ, ನನ್ನ ಬೂದು ಅಕ್ಷರ ಗಾಳಿಯಲ್ಲಿ ಕರಗಿಹೋಗಿತ್ತು.

ಇನ್ನು ಗಿರಾಕಿಯದ್ದೇ ಅಭಿಪ್ರಾಯ. ಇದು ಬೇರೆ ಜಾತಿಯದ್ದು. ಅವರು ತೊಂದರೆ ಹೇಳುವುದಿಲ್ಲ, ನೇರವಾಗಿ ಔಷಧಿಯನ್ನೇ ಹೇಳಿಬಿಡುತ್ತಾರೆ. ಒಂದು ರಾತ್ರಿ ಹತ್ತೂವರೆಗೆ ಅಕ್ಕನಿಂದ ಏಳು ವಾಯ್ಸ್ ಮೆಸೇಜ್. “ನಮ್ಮ ಮನ್ಯಾವ್ರು ಎಲ್ಲಾ ಕೆಂಪು ಮಾಡ್ರಿ ಅನ್ನಾಕತ್ತಾರ.” ಹಿಂದಿನ ನಾನಾಗಿದ್ದರೆ ಹಣೆ ಚಚ್ಚಿಕೊಂಡು ಪುಟಪೂರ್ತಿ ಕೆಂಪು ಬಳಿಯುತ್ತಿದ್ದೆ, ಇಲ್ಲಾ ಜಗಳಕ್ಕೆ ಹೋಗುತ್ತಿದ್ದೆ. ಬೆಳಿಗ್ಗೆ ಹೋಗಿ ‘ಯಾಕ್ರೀ ಅಕ್ಕಾರ, ಕೆಂಪು ಯಾಕ?’ ಎಂದೆ. ಅವರ ಹಿಂಡಿಯ ಪ್ಯಾಕೆಟ್ ಕೆಂಪು. ಕೊಳ್ಳಲು ಬಂದವರು ‘ಆ ಕೆಂಪು ಪಾಕೀಟು ಕೊಡ್ರಿ’ ಎಂದೇ ಕೇಳುತ್ತಾರಂತೆ. ಅಂದರೆ ಜನ ಗುರುತು ಹಿಡಿಯಬೇಕು, ಅದು ಅವರ ಚಿಂತೆ. ಪ್ಯಾಕೆಟ್‌ನ ಫೋಟೊ ಮೇಲೆ ತಂದು ಇಟ್ಟೆ, ಆರ್ಡರ್ ಬಟನ್‌ಗೆ ಅದೇ ಕೆಂಪು ಕೊಟ್ಟೆ. ಯಜಮಾನರು ನೋಡಿ ತಲೆ ಆಡಿಸಿದರು. ಉಳಿದ ಪುಟ ಬಿಳಿಯಾಗಿಯೇ ಉಳಿಯಿತು.

ಎರಡು ಸಣ್ಣ ವಿಷಯ. ಮನೆಯವರು, ಭಾವಮೈದುನ, ಪಕ್ಕದ ಅಂಗಡಿಯವರು ಎಲ್ಲರೂ ಬದಲಾವಣೆ ಹೇಳುತ್ತಾರೆ. ಯಾರದು ಕೊನೆಯ ಮಾತು, ಎಷ್ಟು ಸುತ್ತು ತಿದ್ದುಪಡಿ ಎಂದು ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾನು ಬರೆದುಕೊಳ್ಳದೆ ಹನ್ನೊಂದು ಸುತ್ತು ತಿದ್ದಿದೆ. ಮತ್ತೆ, ಅಂಗಡಿಯವರಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸಬೇಡಿ, ಅವರ ಫೋನಿನಲ್ಲೇ ತೋರಿಸಿ.

ನಿಮ್ಮ ವಿಷಯದಲ್ಲಿ ನಾನು ಮೊದಲು ನೋಡುವುದು ಬಣ್ಣ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊದಲ್ಲಿ ಗಿಣಿ ಹಸಿರು ಬೇರೆಯೇ ಆಗಿಬಿಡುತ್ತದೆ. ನಾಳೆ ಅಂಗಡಿಗೆ ಹೋಗಿ ಹತ್ತು ಸೀರೆ ಹೊರಗೆ ಬೆಳಕಿಗೆ ತನ್ನಿ, ಫೋನನ್ನು ಸೀರೆಯ ಪಕ್ಕ ಹಿಡಿದು ಅಂಗಡಿಯವರನ್ನು ಕೇಳಿ: ‘ಇದು ಅದೇ ಸೀರಿ ಅನಸ್ತದೇನ್ರಿ?’ ಇಲ್ಲ ಎಂದ ಫೋಟೊಗಳನ್ನು ಮತ್ತೆ ತೆಗೆಯಿರಿ. ಸೆರಗು, ದಡಿ, ಒಡಲು ಮೂರೂ ಬೇರೆ ಬೇರೆಯಾಗಿ ಕಾಣಲಿ. ಆಮೇಲೆ ಆ ಚಿಗವ್ವನಿಗೆ ಫೋನ್ ಕೊಡಿ: ‘ಬೀಗರಿಗೆ ಕೊಡಾಕ ನಾಲ್ಕು ಸೀರಿ ಆರಿಸ್ರಿ’ ಎನ್ನಿ, ಒಂದು ಹಾಳೆ ಪೆನ್ನು ಹಿಡಿದು ಪಕ್ಕಕ್ಕೆ ಕೂತುಕೊಳ್ಳಿ.

ಲಿಂಕ್ ಇಲ್ಲಿ ಹಾಕಿದರೆ ನಾನೂ ನೋಡುತ್ತೇನೆ. ನಾನು ಸೀರೆ ಕೊಳ್ಳುವವನಲ್ಲ, ಫೋನನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು ಅವಳ ಬೆರಳು ಎಲ್ಲೆಲ್ಲಿ ನಿಂತಿತು ಎಂದು ಬರೆದು ಕಳಿಸುತ್ತೇನೆ.