ಲಕ್ವದ ನಂತರ ಮಾತು ಮರಳಲು ಟಿಡಿಸಿಎಸ್ ಯಂತ್ರವನ್ನು ಮನೆಯಲ್ಲೇ ಹಚ್ಚಬಹುದೇ?

ತಂದೆಯವರಿಗೆ ಲಕ್ವ ಹೊಡೆದು ಎಂಟು ತಿಂಗಳಾಗಿದೆ, ನಾವು ಹೇಳಿದ್ದು ಅರ್ಥವಾಗುತ್ತದೆ, ಆದರೆ ಲೋಟ, ಬಾಚಣಿಗೆ ಅನ್ನುವ ಹೆಸರೂ ಬಾಯಿಗೆ ಬರುವುದಿಲ್ಲ, ಟಿಡಿಸಿಎಸ್, ಅಂದರೆ ನೆತ್ತಿಯ ಮೇಲಿಂದ ಮಿದುಳಿಗೆ ಸಣ್ಣ ಕರೆಂಟು ಹರಿಸುವ ಯಂತ್ರ ಆನ್‌ಲೈನ್‌ನಲ್ಲಿ ತರಿಸಲೇ ಎಂದು ಕೇಳಿದ್ದೀರಿ.

ಯಂತ್ರ ಕಟ್ಟಿ ಸುಮ್ಮನೆ ಟಿವಿ ಮುಂದೆ ಕೂರಿಸಿದರೆ ಲಾಭ ನಿರೀಕ್ಷಿಸಬೇಡಿ. ಅದೇ ಹೊತ್ತಿಗೆ ಮಾತಿನ ಅಭ್ಯಾಸ ನಡೆಯುತ್ತಿದ್ದರೆ ಸ್ವಲ್ಪ ನೆರವಾದೀತು. ಆದರೂ ನೀವೇ ತರಿಸಿ ಹಚ್ಚುವುದು ಬೇಡ ಎನ್ನುತ್ತೇನೆ.

ಇದು ಶಾಕ್ ಟ್ರೀಟ್‌ಮೆಂಟ್ ಅಲ್ಲ. ಒದ್ದೆ ಸ್ಪಂಜಿನ ಎರಡು ಪಟ್ಟಿಗಳ ಮೂಲಕ 1ರಿಂದ 2 ಮಿಲಿಆಂಪಿಯರ್ ನೇರ ವಿದ್ಯುತ್ತನ್ನು 20 ನಿಮಿಷ ಹರಿಸುತ್ತಾರೆ, ಅಷ್ಟೆ. ಅದರಲ್ಲೂ ಬಹುಪಾಲು ನೆತ್ತಿಯ ಚರ್ಮದಲ್ಲೇ ಹರಿದುಹೋಗುತ್ತದೆ. ಒಳಗೆ ಇಳಿಯುವ ಚೂರುಪಾರು ಕರೆಂಟಿಗೆ ನರಕೋಶವನ್ನು ಚಾಲೂ ಮಾಡುವ ಶಕ್ತಿ ಇಲ್ಲ. ಆಗಲೇ ಕೆಲಸ ಮಾಡುತ್ತಿರುವ ಕೋಶಕ್ಕೆ ಒಂದಿಷ್ಟು ಸಲೀಸು ಮಾಡಿಕೊಡುತ್ತದೆ. ಅದಕ್ಕೇ ಕರೆಂಟು ಹರಿಯುವಾಗ ರೋಗಿ ಚಿತ್ರ ನೋಡಿ ಹೆಸರು ಹುಡುಕುತ್ತಿರಬೇಕು ಅನ್ನುವುದು.

ಈ ವಿಷಯದಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದಲ್ಲಿ ಫ್ರಿಡ್ರಿಕ್ಸನ್ ತಂಡ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗ. ಲಕ್ವವಾಗಿ ಆರು ತಿಂಗಳು ದಾಟಿದ 74 ಮಂದಿ, 15 ಸಿಟ್ಟಿಂಗು, ಪ್ರತಿ ಸಲ 45 ನಿಮಿಷ ಕಂಪ್ಯೂಟರಿನಲ್ಲಿ ಪದದ ಅಭ್ಯಾಸ, ಅದರಲ್ಲಿ 20 ನಿಮಿಷ 1 ಮಿಲಿಆಂಪಿಯರ್. ಮುಗಿದು ಒಂದು ವಾರಕ್ಕೆ ಪರೀಕ್ಷಿಸಿದಾಗ, ನಿಜವಾದ ಕರೆಂಟು ಸಿಕ್ಕವರು ಸರಾಸರಿ 13.9 ಹೆಸರು ಹೆಚ್ಚು ಹೇಳಿದರು, ಹುಸಿ ಕರೆಂಟಿನವರು (ಪಟ್ಟಿ ಕಟ್ಟಿ ಕರೆಂಟು ಕೊಟ್ಟಂತೆ ತೋರಿಸಿದವರು) 8.2. ಜಾಹೀರಾತಿನವರು 13.9 ತೋರಿಸುತ್ತಾರೆ. ನನಗೆ ಮುಖ್ಯ ಅನಿಸುವುದು 8.2, ಯಾಕೆಂದರೆ ಅಷ್ಟು ಬಂದದ್ದು ಬರೀ ಅಭ್ಯಾಸದಿಂದ. ಅದೂ ಅಲ್ಲದೆ, ಈ ದಾರಿಯಲ್ಲಿ ಮುಂದುವರಿಯುವುದು ಸಾರ್ಥಕವೋ ಅಲ್ಲವೋ ಎಂದು ನೋಡಲು ಮಾಡಿದ ಪ್ರಯೋಗ ಅದು; ಗುಣವಾಗುತ್ತದೆ ಎಂಬ ಕೊನೆಯ ಪುರಾವೆ ಅಲ್ಲ. ಅದೇ ವರ್ಷ ನೆದರ್‌ಲೆಂಡ್ಸ್‌ನಲ್ಲಿ, ಲಕ್ವವಾಗಿ ಮೂರು ತಿಂಗಳೊಳಗಿದ್ದ 58 ಮಂದಿಯಲ್ಲಿ ಕರೆಂಟಿನಿಂದ ಯಾವ ಹೆಚ್ಚುವರಿ ಲಾಭವೂ ಕಾಣಲಿಲ್ಲ. ಲಾಭ ಕಂಡ ಕಡೆಯೂ ಅದು ಮುಖ್ಯವಾಗಿ ನಾಮಪದಗಳಲ್ಲಿ. ‘ಲೋಟ’ ಅನ್ನುವುದು ಬೇರೆ, ಊಟದ ನಡುವೆ ‘ಆ ಲೋಟ ಇಲ್ಲಿ ಕೊಡು’ ಅನ್ನುವುದು ಬೇರೆ.

ಇನ್ನು ಎಡವಟ್ಟಾಗುವ ಜಾಗಗಳು. ತಲೆಗೆ ಕೊಬ್ಬರಿ ಎಣ್ಣೆ ಇದ್ದರೆ ಸಂಪರ್ಕವೇ ಸಿಗುವುದಿಲ್ಲ. ಶಾಂಪೂ ಹಾಕಿ ತೊಳೆದು, ಪೂರ್ತಿ ಒಣಗಿಸಿ, ಕೂದಲು ಬೈತಲೆ ತೆಗೆದಂತೆ ಸರಿಸಿ ಸ್ಪಂಜು ನೇರ ಚರ್ಮಕ್ಕೆ ತಾಗಿಸಬೇಕು. 5x7 ಸೆಂ.ಮೀ. ಸ್ಪಂಜಿಗೆ ಒಂದೊಂದು ಬದಿಗೆ 6 ಮಿ.ಲೀ. ಆಸುಪಾಸು ಸಲೈನ್ ಸಾಕು. ಜಾಸ್ತಿಯಾಗಿ ಕೆನ್ನೆಗೆ ಇಳಿದರೆ ಕರೆಂಟು ಆ ಒದ್ದೆಯ ಹಾದಿಯನ್ನೇ ಹಿಡಿಯುತ್ತದೆ. ಕಡಿಮೆಯಾದರೆ ಸ್ಪಂಜು ಒಂದು ಮೂಲೆಯಲ್ಲಿ ಒಣಗಿ, ಇಡೀ ಕರೆಂಟು ಸಣ್ಣ ಜಾಗದಲ್ಲಿ ನುಗ್ಗಿ ಚರ್ಮ ಸುಡುತ್ತದೆ. ನಲ್ಲಿ ನೀರು ಬೇಡವೇ ಬೇಡ. ರೋಧ (ಕರೆಂಟಿಗೆ ಎದುರಾಗುವ ತಡೆ) 10 ಕಿಲೋಓಮ್‌ಗಿಂತ ಕೆಳಗಿರಬೇಕು. 9 ವೋಲ್ಟ್ ಬ್ಯಾಟರಿಯನ್ನು ನೇರವಾಗಿ ಬಳಸುವ ಅಗ್ಗದ ಡಬ್ಬಿ 2 ಮಿಲಿಆಂಪಿಯರ್ ಕೊಡಬೇಕಾದರೆ ರೋಧ 4.5 ಕಿಲೋಓಮ್ ದಾಟಕೂಡದು, ಲೆಕ್ಕ ಹಾಕಿ ನೋಡಿ. ದಾಟಿದರೆ ಪರದೆಯ ಮೇಲೆ 2 ಎಂದೇ ಬರೆದಿದ್ದರೂ ತಲೆಗೆ ಹೋಗುವುದು ಕಡಿಮೆ.

ಜಾಗದ ವಿಷಯ ಇದಕ್ಕಿಂತ ಕಷ್ಟ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ, ಒಂದು ಕಿವಿಯಿಂದ ಇನ್ನೊಂದಕ್ಕೆ ಟೇಪು ಹಿಡಿದು, ಶೇಕಡಾ ಲೆಕ್ಕದಲ್ಲಿ ಗುರುತು ಹಾಕುತ್ತಾರೆ. ಮಾತಾಡಿಸುವ ಬ್ರೋಕಾ ಪ್ರದೇಶಕ್ಕೆ ಎಫ್5 ಎಂಬ ಗುರುತು, ಮಾತು ಅರ್ಥಮಾಡಿಕೊಳ್ಳುವ ವರ್ನಿಕೆ ಪ್ರದೇಶಕ್ಕೆ ಸಿಪಿ5 ಎಂಬ ಗುರುತು ಸುಮಾರಾಗಿ ಹೊಂದುತ್ತದೆ. ಆದರೆ ಲಕ್ವದಲ್ಲಿ ಆ ಭಾಗವೇ ಸತ್ತು ನೀರು ತುಂಬಿದ ಪೊಳ್ಳಾಗಿದ್ದರೆ? ಆ ನೀರು ಕರೆಂಟನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅಮೆರಿಕದ ತಂಡ ಮೊದಲು ಎಂಆರ್‌ಐ ಯಂತ್ರದೊಳಗೆ ರೋಗಿಯಿಂದ ಹೆಸರು ಹೇಳಿಸಿ, ಯಾವ ಭಾಗ ಜೀವಂತವಾಗಿ ದುಡಿಯುತ್ತಿದೆ ಎಂದು ನೋಡಿ ಜಾಗ ನಿರ್ಧರಿಸಿದ್ದು ಇದಕ್ಕೇ.

ಧ್ರುವ ಅದಲುಬದಲಾಗುವ ಅಪಾಯವೂ ಇದೆ. ಸಾಮಾನ್ಯವಾಗಿ ಧನ ಧ್ರುವದ ಪಟ್ಟಿ ತನ್ನ ಕೆಳಗಿನ ಜಾಗವನ್ನು ಚುರುಕಾಗಿಸುತ್ತದೆ, ಋಣ ಧ್ರುವದ್ದು ತಗ್ಗಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗದವರಿಗೆ ಕೇಳಿಸುವ, ಇಲ್ಲದ ಧ್ವನಿಗಳನ್ನು ತಗ್ಗಿಸಲು ಟಿಡಿಸಿಎಸ್ ಬಳಸುತ್ತಾರೆ. ಅಲ್ಲಿ ಎಡಗಿವಿಯ ಮೇಲ್ಹಿಂಭಾಗಕ್ಕೆ ಋಣ ಧ್ರುವ, ಮುಂದಲೆಗೆ ಧನ. ಯೂಟ್ಯೂಬ್‌ನಲ್ಲಿ ಅಂಥ ಚಿತ್ರ ನೋಡಿ ತಂದೆಯವರಿಗೆ ಹಾಗೇ ಕಟ್ಟಿದರೆ, ಚುರುಕಾಗಬೇಕಾದ ಜಾಗವನ್ನೇ ತಗ್ಗಿಸಲು ಹೊರಟಂತೆ. ಹೆಚ್ಚು ಹೊತ್ತು ಬಿಟ್ಟರೆ ಹೆಚ್ಚು ಫಲ ಅನ್ನುವುದೂ ಸುಳ್ಳು. ಮಿದುಳಿನಲ್ಲಿ ಕೈಕಾಲಿನ ಚಲನೆ ನಡೆಸುವ ಪ್ರದೇಶದ ಮೇಲೆ ಧನ ಧ್ರುವವನ್ನು 13 ನಿಮಿಷದ ಬದಲು ಒಂದೇ ಸಮನೆ 26 ನಿಮಿಷ ಇಟ್ಟಾಗ ಪರಿಣಾಮ ತಿರುಗುಮುರುಗಾದದ್ದು ದಾಖಲಾಗಿದೆ.

ತುರಿಕೆ, ಜುಮ್ಮೆನ್ನುವುದು, ಕೆಂಪಾಗುವುದು ಸಾಮಾನ್ಯ. ಫಿಟ್ಸ್ ಬಂದಿದ್ದರೆ, ತಲೆಬುರುಡೆ ತೆರೆದು ಆಪರೇಷನ್ ಆಗಿದ್ದರೆ, ತಲೆಯೊಳಗೆ ಲೋಹದ ಕ್ಲಿಪ್ಪು, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ನರರೋಗ ತಜ್ಞರನ್ನು ಕೇಳದೆ ಮುಟ್ಟಲೇಬೇಡಿ.

ಯಂತ್ರದ ದುಡ್ಡನ್ನು ಸ್ಪೀಚ್ ಥೆರಪಿಗೆ ಹಾಕಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಅಫೇಸಿಯಾ (ಮಿದುಳಿನ ಪೆಟ್ಟಿನಿಂದ ಮಾತು ತಪ್ಪುವುದು) ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಅವರು ದಿನಾ ಬಳಸುವ 20 ಸಾಮಾನಿನ ಫೋಟೋ ತೆಗೆದಿಡಿ. ಬಾಚಣಿಗೆ ತೋರಿಸಿ ಹತ್ತು ಸೆಕೆಂಡು ಕಾಯಿರಿ, ಬಾರದಿದ್ದರೆ ‘ಬಾ...’ ಎಂದು ಮೊದಲ ಅಕ್ಷರ ಮಾತ್ರ ಕೊಡಿ, ಪೂರ್ತಿ ಹೇಳಿಬಿಡಬೇಡಿ. ಯಾವುದು ತಾನಾಗಿ ಬಂತು, ಯಾವುದು ಸುಳಿವಿನಿಂದ ಬಂತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಾ ಹೋಗಿ. ಮುಂದೆ ಯಾವುದಾದರೂ ಆಸ್ಪತ್ರೆಯವರು ಟಿಡಿಸಿಎಸ್ ಮಾಡೋಣ ಎಂದರೆ ಆ ನೋಟ್‌ಬುಕ್ಕು ಜೊತೆಗಿರಲಿ, ಮತ್ತೆ ಒಂದೇ ಪ್ರಶ್ನೆ ಕೇಳಿ: ಕರೆಂಟು ಹರಿಯುವ 20 ನಿಮಿಷ ಪಕ್ಕದಲ್ಲಿ ಥೆರಪಿಸ್ಟ್ ಕೂತಿರುತ್ತಾರಾ?