ಊದುವ ಅಂಕಿ ಸರಿ, ಅಂಗಿಯ ಗುಂಡಿ?

ಪತ್ರ: ನನ್ನ ಮಾವನವರಿಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಹೊರಹೋಗಲು ಕಷ್ಟವಾಗುವ, ವರ್ಷಗಟ್ಟಲೆ ಇರುವ ಶ್ವಾಸಕೋಶದ ಕಾಯಿಲೆ. ಎರಡು ವರ್ಷದಿಂದ ಊದುವ ಪರೀಕ್ಷೆಯ ಅಂಕಿ ಹೆಚ್ಚುಕಡಿಮೆ ಅಷ್ಟೇ ಇದೆ, ಇನ್ಹೇಲರ್ ತಪ್ಪಿಸುವುದಿಲ್ಲ. ಆದರೂ ಬರಬರುತ್ತ ಮಂಚ ಬಿಟ್ಟು ಏಳುತ್ತಿಲ್ಲ. ಅಂಗಿಯ ಗುಂಡಿ ಹಾಕುತ್ತ ಹಾಕುತ್ತ ಕೈ ಇಳಿಬಿಟ್ಟು ಕೂತುಬಿಡುತ್ತಾರೆ. ಎದೆಗೆ, ಹೃದಯಕ್ಕೆ, ಸಕ್ಕರೆಗೆ ಬೇರೆ ಬೇರೆ ಡಾಕ್ಟರು, ಮೂರು ಫೈಲು. ಶ್ವಾಸಕೋಶ ಮತ್ತೆ ಕೆಟ್ಟಿಲ್ಲ ಅಂತಾರೆ. ಹಾಗಾದರೆ ಕೆಟ್ಟಿರುವುದೇನು?

ಸಂಪಾದಕರ ಉತ್ತರ: ಡಾಕ್ಟರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ. ಆ ಅಂಕಿ ತೋರಿಸುವುದು ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದನ್ನು. ಅದೇ ಅಂಕಿಯ ಇಬ್ಬರಲ್ಲಿ ಒಬ್ಬರು ಮೆಟ್ಟಿಲು ಹತ್ತುತ್ತಾರೆ, ಇನ್ನೊಬ್ಬರಿಗೆ ಬಚ್ಚಲುಮನೆಯೇ ದೂರ. ಈ ಕಾಯಿಲೆ ಎಷ್ಟು ತೀವ್ರ ಎಂದು ಅಳೆಯಲು 2004ರಲ್ಲಿ ಬಂದ ಬೋಡ್ ಸೂಚ್ಯಂಕ ಊದುವ ಅಂಕಿಯ ಜೊತೆಗೆ ಎತ್ತರಕ್ಕೆ ತಕ್ಕ ತೂಕ, ಏದುಸಿರಿನ ಮಟ್ಟ, 6 ನಿಮಿಷದಲ್ಲಿ ನಡೆಯುವ ದೂರ ಇವನ್ನೂ ಲೆಕ್ಕಕ್ಕೆ ಹಿಡಿದದ್ದು ಸುಮ್ಮನೆ ಅಲ್ಲ.

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಸ್ನಾಯುಗಳ ಮೇಲೆ. ಏದುಸಿರು ಬರುತ್ತದೆಂದು ಮನುಷ್ಯ ಕೂರುತ್ತಾನೆ. ಕೂತಷ್ಟೂ ತೊಡೆ ಸೊರಗುತ್ತದೆ. ಸೊರಗಿದ ಸ್ನಾಯು ಸಣ್ಣ ಕೆಲಸಕ್ಕೂ ಹೆಚ್ಚು ಉಸಿರು ಬೇಡುತ್ತದೆ, ಆಗ ಮತ್ತೆ ಕೂರುವುದೇ ವಾಸಿ ಅನಿಸುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಶ್ವಾಸಕೋಶ ಇದ್ದಲ್ಲೇ ಇದ್ದರೂ ಮನುಷ್ಯ ಇಳಿದುಹೋಗುತ್ತಾನೆ.

ಎರಡನೆಯದು ಭಯ. ಗಾಬರಿಯಾದರೆ ಉಸಿರು ಚುರುಕಾಗುತ್ತದೆ. ಈ ಕಾಯಿಲೆಯಲ್ಲಿ ಉಸಿರು ಹೊರಹೋಗಲು ಸಮಯ ಬೇಕು. ಅದು ಸಿಗದೆ ಗಾಳಿ ಒಳಗೇ ಉಳಿದು ಎದೆ ಬಿಗಿಯುತ್ತದೆ, ಬಿಗಿದ ಎದೆ ಗಾಬರಿಯನ್ನು ಇಮ್ಮಡಿಸುತ್ತದೆ. ಇಂಥವರಲ್ಲಿ ಆತಂಕ, ಖಿನ್ನತೆ ಎರಡೂ ಸಾಮಾನ್ಯ. ಮನೆಯವರು ಮಾತ್ರ ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತೇವೆ. ನಾನೂ ಹಾಗೆ ಅಂದವನೇ.

ಹೃದಯದ್ದು ಇನ್ನೂ ಮೋಸದ ವಿಷಯ. ಹೃದಯ ಸೋತರೂ ಏದುಸಿರೇ, ಶ್ವಾಸಕೋಶ ಸೋತರೂ ಏದುಸಿರೇ. ಪಾದ ಊದಿಕೊಂಡರೆ, ಮಲಗಿದೊಡನೆ ಉಸಿರು ಕಟ್ಟಿದರೆ ಮುಂದಿನ ತಪಾಸಣೆಯವರೆಗೆ ಕಾಯಬೇಡಿ. ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಶ್ವಾಸಕ್ಕೆ ಆಗದೆಂಬ ಹಳೆಯ ಹೆದರಿಕೆ ಕೆಲವರಲ್ಲಿ ಇನ್ನೂ ಇದೆ. ಹೃದಯದ ಮೇಲಷ್ಟೇ ಹೆಚ್ಚಾಗಿ ಕೆಲಸ ಮಾಡುವ ಬಗೆಯದನ್ನು ಸಿಒಪಿಡಿ ಇದ್ದವರಿಗೂ ಕೊಡುತ್ತಾರೆ. ನೀವಾಗಿ ನಿಲ್ಲಿಸಬೇಡಿ. ಉಬ್ಬಸ ಜೋರಾದಾಗ ನುಂಗುವ ಸ್ಟೀರಾಯ್ಡ್ ಮಾತ್ರೆ ಸಕ್ಕರೆ ಏರಿಸುತ್ತದೆ, ಪದೇ ಪದೇ ಆದರೆ ಮೂಳೆಯನ್ನೂ ಸವೆಸುತ್ತದೆ. ಇದು ಸಕ್ಕರೆಯ ಡಾಕ್ಟರಿಗೆ ಗೊತ್ತಿರಬೇಕು.

ಅದಕ್ಕೇ ಆ ಮೂರು ಫೈಲು ನನ್ನನ್ನು ಕಾಡುತ್ತಿವೆ. ಮೂರನ್ನೂ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದೇ ಚೀಲಕ್ಕೆ ಹಾಕಿ ಒಬ್ಬರ ಮೇಜಿನ ಮೇಲೆ ಸುರಿಯಿರಿ. ಶ್ವಾಸಕೋಶ ಪುನಶ್ಚೇತನ ವ್ಯಾಯಾಮಕ್ಕೆ ಕಳಿಸಬಹುದೇ ಎಂದು ಕೇಳಿ. ಸಾಮಾನ್ಯವಾಗಿ 6ರಿಂದ 8 ವಾರದ ತರಬೇತಿ; ಊದುವ ಅಂಕಿ ಬದಲಾಗದಿದ್ದರೂ ನಡಿಗೆ, ಉಸಿರು, ಮನಸ್ಸು ಮೂರೂ ಸುಧಾರಿಸುವುದುಂಟು. ಹಾಗೆಯೇ ಆ ಗುಂಡಿಯ ವಿಷಯ ಹೇಳಿ. ನಮಗೆ ಬರೆದಿದ್ದೀರಿ, ಡಾಕ್ಟರಿಗೆ ಹೇಳಿದಂತೆ ಕಾಣುವುದಿಲ್ಲ.